ಕೆಮ್ಮಿಸುವ ಎಣ್ಣೆ

ಅಜ್ಜಿ ನೀಲಿ ಗಾಜಿನ ಪುಟ್ಟ ಲೋಟವನ್ನು ಒಂದು ಅಂಗೈಯಲ್ಲಿಟ್ಟು, ಇನ್ನೊಂದು ಅಂಗೈಯಿಂದ ಅದರ ಬಾಯಿ ಮುಚ್ಚಿ ಮೆಲ್ಲಗೆ ತಿರುಗಿಸುತ್ತಿದ್ದರು. ಒಳಗಿನ ಆಲಿವ್ ಎಣ್ಣೆಯ ಬಣ್ಣ ಕಾಣಬಾರದೆಂದೇ ನೀಲಿ ಗಾಜು. ಬಣ್ಣ ಕಂಡರೆ ನಾಲಗೆ ಮೋಸಹೋಗುತ್ತದಂತೆ. 28 ಡಿಗ್ರಿಯಷ್ಟು ಬೆಚ್ಚಗಾದರೆ ಪರಿಮಳ ಏಳುತ್ತದೆ. ಅಂಗೈ ಸರಿಸಿ ಮೂಸಿದರು. ಒಂದು ಗುಟುಕು ಬಾಯಿಗೆ ಹಾಕಿ, ಹಲ್ಲುಗಳ ಸಂದಿಯಿಂದ ‘ಸ್ಸ್’ ಎಂದು ಗಾಳಿ ಎಳೆದುಕೊಂಡರು. ಆಮೇಲೆ ನನ್ನ ಕೈಗೂ ಅದೇ ಎಣ್ಣೆಯ ಲೋಟ ಕೊಟ್ಟರು. ನುಂಗಿದೆ. ಮೊದಲು ಏನೂ ಅನ್ನಿಸಲಿಲ್ಲ. ಸ್ವಲ್ಪ ಹೊತ್ತಿಗೆ ಗಂಟಲಿನ ತಳದಲ್ಲಿ ಕಾಳುಮೆಣಸು ಒಡೆದಂತಾಗಿ ಕೆಮ್ಮು ಒತ್ತರಿಸಿ ಬಂತು. ಅಜ್ಜಿಯ ಮುಖ ಅರಳಿತು.

“ಚಿಕ್ಕಮ್ಮಾ, ಕೆಮ್ಮಿದರೆ ಎಣ್ಣೆ ಚೆನ್ನಾಗಿದೆ ಅಂತ ಅರ್ಥವಂತೆ,” ಎಂದಳು ಅಕ್ಕನ ಮಗಳು. ಅವಳು ಸ್ಪೇನಿನ ಕೋರ್ದೊಬದಲ್ಲಿ ಓದುತ್ತಿದ್ದಾಳೆ. ಆ ಮಧ್ಯಾಹ್ನ ನನಗೆ ದುಭಾಷಿಯಾಗಿದ್ದವಳೂ ಅವಳೇ.

ಅಜ್ಜಿಯ ಊರು ಮಾರ್ತೋಸ್, ಸ್ಪೇನಿನ ದಕ್ಷಿಣದ ಹಾಯೆನ್ ಪ್ರಾಂತ್ಯದಲ್ಲಿದೆ. ಈ ಒಂದು ಪ್ರಾಂತ್ಯದಲ್ಲೇ 6 ಕೋಟಿಗೂ ಹೆಚ್ಚು ಆಲಿವ್ ಮರಗಳಿವೆ. ಬಸ್ಸಿನ ಕಿಟಕಿಯಿಂದ ನೋಡಿದರೆ ಗುಡ್ಡದ ಮೇಲೆ ಗುಡ್ಡ, ಎಲ್ಲಕ್ಕೂ ಬೂದುಹಸಿರಿನ ಚುಕ್ಕಿ ರಂಗೋಲಿ. ಬಹುಪಾಲು ಒಂದೇ ತಳಿ: ಪಿಕ್ವಾಲ್. ಕಾಯಿಯ ತುದಿ ಕೊಕ್ಕಿನಂತೆ ಚೂಪಾಗಿರುವುದರಿಂದ ಬಂದ ಹೆಸರು. ಇದೇ ಊರಿನ ಹೆಸರು ಹಿಡಿದು ‘ಮಾರ್ತೆನ್ಯೋ’ ಎಂದು ಕರೆಯುವವರೂ ಇದ್ದಾರೆ.

ಅಜ್ಜಿ ಸಹಕಾರಿ ಗಾಣದಲ್ಲಿ ದುಡಿದವರು, ಆಮೇಲೆ ಎಣ್ಣೆ ರುಚಿ ನೋಡುವ ಕೆಲಸ ಕಲಿತವರು. ಇತಿಹಾಸ ಕೇಳಿದರೆ ಅವರು ಹೇಳುವುದು ತಮ್ಮ ಬಾಲ್ಯವನ್ನೇ. ಗಂಡಸರು ಉದ್ದನೆಯ ಕೋಲಿನಿಂದ ಕೊಂಬೆ ಬಡಿಯುತ್ತಿದ್ದರು. ಹೆಂಗಸರು, ಮಕ್ಕಳು ಚಳಿಯಲ್ಲಿ ಮೊಣಕಾಲೂರಿ, ನೆಲಕ್ಕೆ ಬಿದ್ದ ಕಾಯಿ ಆಯುತ್ತಿದ್ದರು. ಬೆರಳು ಮರಗಟ್ಟಿದರೆ ಬೆಂಕಿಯಲ್ಲಿ ಕಾಯಿಸಿದ ಕಲ್ಲನ್ನು ಹಿಡಿದುಕೊಳ್ಳುತ್ತಿದ್ದರಂತೆ. ಮಧ್ಯಾಹ್ನಕ್ಕೆ ‘ಓಯೋ’: ದುಂಡು ಬ್ರೆಡ್ಡಿನ ಹೊಟ್ಟೆ ಕೊರೆದು, ಗುಳಿಗೆ ಎಣ್ಣೆ ಸುರಿದು, ಉಪ್ಪುಮೀನು ನಂಚಿಕೊಂಡು ತಿನ್ನುವುದು.

ಆಮೇಲೆ ಅಜ್ಜಿ ಕೊಟ್ಟ ಎರಡನೆಯ ಲೋಟದಲ್ಲಿದ್ದದ್ದು ಅರ್ಬೆಕೀನಾ ಎಂಬ ಇನ್ನೊಂದು ತಳಿಯ ಎಣ್ಣೆ. ಸೇಬಿನ, ಹಸಿ ಬಾದಾಮಿಯ ಪರಿಮಳ. ನಾಲಗೆಗೆ ನಯ, ಗಂಟಲಿಗೆ ಒಂದಿಷ್ಟೂ ತಂಟೆಯಿಲ್ಲ. ಈ ತಳಿ ಕೆಟಲೋನಿಯಾದ ಅರ್ಬೆಕಾ ಊರಿನದು. ಮೆದಿನಾಸೇಲಿಯ ಡ್ಯೂಕ್ ಒಬ್ಬ ಪ್ಯಾಲೆಸ್ಟೈನಿನಿಂದ ಇದನ್ನು ತಂದನೆಂಬ ಕಥೆಯಿದೆ. ಮೊದಲ ಲೋಟದ ಪಿಕ್ವಾಲ್‌ನಲ್ಲಿ ಟೊಮೆಟೊ ಗಿಡದ ಎಲೆ ಉಜ್ಜಿದ ವಾಸನೆ, ಕಹಿ, ಕೊನೆಗೆ ಆ ಘಾಟು. ಒಂದೇ ಜಾತಿಯ ಮರ, ಒಂದೇ ಬಗೆಯ ಗಾಣ. ಎಣ್ಣೆ ಮಾತ್ರ ಅಜಗಜಾಂತರ.

ಕಾರಣ ಕಾಯಿಯೊಳಗಿದೆ. ಆಲಿವ್ ಎಣ್ಣೆಯ ಮುಖ್ಯ ಕೊಬ್ಬು ಓಲಿಕ್ ಆಮ್ಲ. ಪಿಕ್ವಾಲ್‌ನಲ್ಲಿ ಅದು ಸುಮಾರು ಶೇ. 78–80. ಕಾಯಿಯಲ್ಲಿರುವ ಒಂದು ಕಿಣ್ವ ಓಲಿಕ್ ಅನ್ನು ಲಿನೋಲಿಕ್ ಆಗಿ ಬದಲಿಸುತ್ತದೆ. ಅರ್ಬೆಕೀನಾದಲ್ಲಿ ಅದರ ಕೈ ಮುಂದು, ಹಾಗಾಗಿ ಓಲಿಕ್ ಕಡಿಮೆ. ಲಿನೋಲಿಕ್ ಹೆಚ್ಚಿದಷ್ಟೂ ಎಣ್ಣೆ ಬೇಗ ಕಮಟುತ್ತದೆ. ಪಿಕ್ವಾಲ್‌ನಲ್ಲಿ ಎಣ್ಣೆಯನ್ನು ಕಾಯುವ ಪಾಲಿಫಿನಾಲ್‌ಗಳೂ ಹೇರಳ. ಕಪಾಟಿನಲ್ಲಿ ಅದು ಹೆಚ್ಚು ಕಾಲ ಬಾಳುವುದು ಇದರಿಂದಲೇ. ತಳಿಗೆ ಹವೆಯ ಹಂಗೂ ಉಂಟು. ಅರ್ಜೆಂಟೀನಾದ ಬಿಸಿ ಬಯಲಿಗೆ ಒಯ್ದು ನೆಟ್ಟ ಅರ್ಬೆಕೀನಾದಲ್ಲಿ ಓಲಿಕ್ ಶೇ. 55ಕ್ಕಿಂತಲೂ ಕೆಳಗಿಳಿದದ್ದಿದೆ, ಆಗ ಅಂತರರಾಷ್ಟ್ರೀಯ ಮಾನದಂಡದ ಕನಿಷ್ಠ ಮಿತಿಯೇ 55 ಆಗಿತ್ತು. ಅಪ್ಪಟ ಆಲಿವ್ ಎಣ್ಣೆಯೇ ಕಾಗದದ ಮೇಲೆ ಆಲಿವ್ ಎಣ್ಣೆಯಲ್ಲವಾಯಿತು!

ನನ್ನನ್ನು ಕೆಮ್ಮಿಸಿದ್ದು ಓಲಿಯೋಕ್ಯಾಂಥಾಲ್ ಎಂಬ ವಸ್ತು. ಸಿಸಿಲಿಯಲ್ಲಿ ಹೊಸ ಎಣ್ಣೆ ರುಚಿ ನೋಡುತ್ತಿದ್ದ ವಿಜ್ಞಾನಿ ಗ್ಯಾರಿ ಬೋಷಾಂಪ್‌ಗೆ, ಐಬುಪ್ರೊಫೆನ್ ನೋವಿನ ಔಷಧ ನುಂಗಿದಾಗ ಗಂಟಲಲ್ಲಿ ಆಗುವ ಉರಿಯೇ ನೆನಪಾಯಿತು. ಈ ವಸ್ತುವಿಗೂ ಆ ಔಷಧದಂತೆ ಉರಿಯೂತ ತಗ್ಗಿಸುವ ಗುಣವಿದೆ ಎಂದು 2005ರಲ್ಲಿ ಅವರ ತಂಡ ಪ್ರಕಟಿಸಿತು. ಅಜ್ಜಿಗೆ ಇದನ್ನು ಹೇಳಿದೆ. “ನಮ್ಮಮ್ಮನಿಗೆ ಗೊತ್ತಿತ್ತು,” ಎಂದರು.

ಕೋರ್ದೊಬದಲ್ಲಿ 1970ರಿಂದ ಜಗತ್ತಿನ ಆಲಿವ್ ತಳಿಗಳ ಸಂಗ್ರಹ ತೋಟವಿದೆ. ನೂರಾರು ತಳಿಗಳು ಸಾಲಾಗಿ ನಿಂತಿವೆ. ಅಲ್ಲಿನ ತಜ್ಞರು ಪಿಕ್ವಾಲ್‌ಗೂ ಅರ್ಬೆಕೀನಾಕ್ಕೂ ಸಂಬಂಧ ಬೆಳೆಸಿ ‘ಸಿಕಿತೀತಾ’ ಎಂಬ ಗಿಡ್ಡ ಮರವನ್ನು ಹುಟ್ಟಿಸಿದ್ದಾರೆ. ಗಿಡ್ಡ ಮರಕ್ಕೇ ಈಗ ಬೇಡಿಕೆ. ಬೇಲಿಯಂತೆ ಒತ್ತೊತ್ತಾಗಿ ನೆಟ್ಟರೆ ಯಂತ್ರ ಮೇಲಿಂದ ಹಾದು ಕಾಯಿ ಉದುರಿಸುತ್ತದೆ, ಕೂಲಿ ಖರ್ಚು ಉಳಿಯುತ್ತದೆ. ಹೀಗೆ ನೆಡಲು ಹೆಚ್ಚಾಗಿ ಆರಿಸುವುದು ಅರ್ಬೆಕೀನಾವನ್ನೇ. ಮಾರ್ತೋಸ್‌ನ ಕಡಿದಾದ ಇಳಿಜಾರಿಗೆ ಆ ಯಂತ್ರ ಹತ್ತುವುದಿಲ್ಲ. ಬಯಲಿನ ಎಣ್ಣೆಯ ಬೆಲೆಗೇ ಗುಡ್ಡದ ಎಣ್ಣೆಯನ್ನೂ ಮಾರಬೇಕಾದಾಗ ಗುಡ್ಡದವರು ಸೋಲುತ್ತಾರೆ. ಅಜ್ಜಿಯ ಇಬ್ಬರು ಗಂಡುಮಕ್ಕಳೂ ಮ್ಯಾಡ್ರಿಡ್ ಸೇರಿದ್ದಾರೆ. ಕಹಿ ಎಣ್ಣೆಗೂ ಒಂದು ಹೆಸರಿದೆ, ಆ ಹೆಸರಿಗೊಂದು ಬೆಲೆಯಿದೆ ಎಂದು ಕೊಳ್ಳುವವರಿಗೆ ಗೊತ್ತಾದರೆ ಆ ಇಳಿಜಾರುಗಳು ಉಳಿದಾವು ಎಂಬ ಆಸೆ ನನಗೂ ಅಂಟಿಕೊಂಡಿತು.

ಬೆಂಗಳೂರಿಗೆ ಮರಳಿದ ಮೇಲೆ ಅಂಗಡಿಯಲ್ಲಿ ಆಲಿವ್ ಎಣ್ಣೆಯ ಸಾಲಿನ ಮುಂದೆ ನಿಂತು ಬಾಟಲಿಗಳನ್ನು ಒಂದೊಂದಾಗಿ ತಿರುಗಿಸಿ ನೋಡಿದೆ. ‘ಎಕ್ಸ್‌ಟ್ರಾ ವರ್ಜಿನ್’ ಎಂದಿತ್ತು, ದೇಶದ ಹೆಸರಿತ್ತು. ಕೈಗೆತ್ತಿಕೊಂಡ ಯಾವುದರಲ್ಲೂ ತಳಿಯ ಹೆಸರಿರಲಿಲ್ಲ.

ಅಜ್ಜಿ ಕೊಟ್ಟ ಬಾಟಲಿಯ ಮೇಲೆ ಅವರದೇ ನಡುಗುವ ಕೈಬರಹವಿದೆ: ತಳಿಯ ಹೆಸರು, ಗುಡ್ಡದ ಹೆಸರು, ಕಾಯಿ ಕಿತ್ತ ತಿಂಗಳು. ತಳದಲ್ಲಿ ಎರಡು ಬೆರಳಷ್ಟು ಎಣ್ಣೆ ಉಳಿದಿದೆ. ರಾಗಿ ರೊಟ್ಟಿಯ ಮೇಲೆ ನಾಲ್ಕು ಹನಿ ಬಿಟ್ಟುಕೊಂಡು ತಿಂದರೆ ಈಗಲೂ ಕೆಮ್ಮು ಬರುತ್ತದೆ, ಮೊದಲಿಗಿಂತ ತುಸು ಮೆಲ್ಲಗೆ.