ಕಾಫಿ ಬೀಜಕ್ಕೂ ಬೇಕು ಹಾಲಿನಂಥ ವರ್ತನೆ

ಬಂಡ್ರಿ: ಸಂಡೂರು ತಾಲ್ಲೂಕಿನ ಈ ಊರಲ್ಲಿ ಕಾಫಿ ಗಿಡ ಹುಡುಕಿದರೆ ಸಿಕ್ಕೀತೇ? ಇದು ಮೆಕ್ಕೆಜೋಳ, ಶೇಂಗಾದ ಸೀಮೆ. ಆದರೂ ಬಸ್ಸಿಳಿದವನು ಹೋಟೆಲ್ ಬೆಂಚಿನ ಮೇಲೆ ಕೂತು "ಒಂದು ಕಾಪಿ ಕೊಡ್ರಿ" ಅಂದನೋ, ಚಿಕ್ಕಮಗಳೂರು, ಕೊಡಗಿನ ತೋಟದವನ ಜೊತೆ ಅವನ ವ್ಯವಹಾರ ಶುರುವಾಯಿತು ಅಂತಲೇ ಲೆಕ್ಕ.

ಲೋಟಕ್ಕೆ ಎರಡು ರೂಪಾಯಿ ಏರಿದರೆ ಹೋಟೆಲಿನವನ ಮೇಲೆ ಸಿಟ್ಟು. ಹೋಟೆಲಿನವನು ಪುಡಿ ಅಂಗಡಿಯತ್ತ ಬೆರಳು ತೋರಿಸುತ್ತಾನೆ. ಪುಡಿ ಅಂಗಡಿಯವನು ಬೀಜ ಹುರಿಯುವವನತ್ತ, ಅವನು ಬೆಳೆಗಾರನತ್ತ. ಬೆಳೆಗಾರ ಯಾರತ್ತ ತೋರಿಸಬೇಕು? ಅರೇಬಿಕಾದ ದರ ಕುದುರುವುದು ನ್ಯೂಯಾರ್ಕಿನಲ್ಲಿ, ರೋಬಸ್ಟಾದ್ದು ಲಂಡನ್ನಿನಲ್ಲಿ. ಅವನಿಗೆ ಅದು ಮೊಬೈಲಿನಲ್ಲಿ ಬಂದು ಬೀಳುವ ಸುದ್ದಿ, ಅಷ್ಟೆ.

ಅಂಗಡಿಯವರು ಒಂದು ಲೆಕ್ಕ ಹಾಕಿ ನೋಡಬಹುದು. ಐದಾರು ಕಿಲೋ ಹಣ್ಣು ಕಿತ್ತರೆ ಸಿಗುವುದು ಒಂದು ಕಿಲೋ ಬೀಜ. ಹುರಿದಾಗ ಅದರಲ್ಲೂ ನೂರಕ್ಕೆ 15ರಿಂದ 20 ಪಾಲು ತೂಕ ಹಾರಿಹೋಗುತ್ತದೆ. ಲೋಟಕ್ಕೆ ಹತ್ತು ಗ್ರಾಂ ಪುಡಿ ಅಂತ ಹಿಡಿದರೆ ಕಿಲೋ ಪುಡಿಗೆ ನೂರು ಲೋಟ. ಬೀಜದ ದರ ಕಿಲೋಗೆ 100 ರೂಪಾಯಿ ಏರಿತು ಅನ್ನಿ. ಕಿಲೋ ಪುಡಿಗೆ ಹೆಚ್ಚೆಂದರೆ 125 ರೂಪಾಯಿ ಜಾಸ್ತಿ, ಲೋಟಕ್ಕೆ ಒಂದು ರೂಪಾಯಿ ಇಪ್ಪತ್ತೈದು ಪೈಸೆ. ಚಿಕೋರಿ ಬೆರೆತಿದ್ದರೆ ಇನ್ನೂ ಕಡಿಮೆ. ಅದೇ ನೂರು ರೂಪಾಯಿ ಇಳಿದಾಗ ಲೋಟದ ದರ ಇಳಿದದ್ದನ್ನು ಕಂಡವರುಂಟೇ? ಇಳಿಯುವುದು ತೋಟದವನ ವರ್ಷದ ಸಂಸಾರ.

ಈ ಏರಿಳಿತಕ್ಕೆ ಮದ್ದು ಹಾಲಿನ ವರ್ತನೆಯಲ್ಲಿದೆ. ಬೇಸಿಗೆಯಲ್ಲಿ ಹಾಲು ಕಮ್ಮಿಯಾದರೂ ಹಾಲಿನವಳು ವರ್ತನೆ ಮನೆಗೆ ತಪ್ಪಿಸುವುದಿಲ್ಲ. ಹಾಲು ಹೆಚ್ಚಾದಾಗ ಮನೆಯವರೂ 'ಇವತ್ತು ಬ್ಯಾಡವಾ' ಅನ್ನುವುದಿಲ್ಲ. ಬೆಳೆಯುವವನಿಗೂ ಹುರಿಯುವವನಿಗೂ ನಡುವೆ ಇಂಥದೇ ಕಟ್ಟು ಬೇಕು ಎಂಬ ಮಾತು ಕಾಫಿ ನಾಡಿನಲ್ಲಿ ಈಗ ಜೋರಾಗಿದೆ.

ಪೂಲಿನ ಕಾಲ

ಹಿಂದೆ ಕಟ್ಟು ಇರಲಿಲ್ಲವೇ? ಇತ್ತು, ಸರಕಾರದ್ದೇ ಇತ್ತು. ಎರಡನೇ ಮಹಾಯುದ್ಧದಲ್ಲಿ ಯುರೋಪಿನ ಪೇಟೆ ಮುಚ್ಚಿ ಬೆಳೆಗಾರರು ಕಂಗಾಲಾದಾಗ, 1942ರ ಕಾಫಿ ಕಾಯ್ದೆ ಬಂತು. ಮನೆ ಖರ್ಚಿಗೂ ಬಿತ್ತನೆಗೂ ಬೇಕಾದಷ್ಟು ಇಟ್ಟುಕೊಂಡು ಮಿಕ್ಕ ಬೆಳೆಯನ್ನೆಲ್ಲ ಕಾಫಿ ಬೋರ್ಡಿನ ಪೂಲಿಗೆ ಸುರಿಯಬೇಕು. ಬೋರ್ಡು ಅದನ್ನು ಹರಾಜು ಹಾಕಿ ಕಂತುಕಂತಾಗಿ ಹಣ ಕೊಡುತ್ತಿತ್ತು. ಗಿರಾಕಿ ಹುಡುಕುವ ತಲೆಬೇನೆ ಇಲ್ಲ, ಸರಿ. ಆದರೆ ಕೊನೆ ಕಂತು ಕೈಗೆ ಬರುವ ಹೊತ್ತಿಗೆ ಮುಂದಿನ ಬೆಳೆ ಕೊಯ್ದಾಗಿರುತ್ತಿತ್ತು. ಚೊಕ್ಕ ಹಣ್ಣು ಆರಿಸಿ ಕಿತ್ತವನ ಮಾಲಿಗೂ ಬೇಕಾಬಿಟ್ಟಿ ಕಿತ್ತವನ ಮಾಲಿಗೂ ಕೊನೆಗೆ ಒಂದೇ ರಾಶಿ. ಯಾರ ತೋಟದ್ದನ್ನು ಯಾರು ಕುಡಿದರೋ, ದೇವರೇ ಬಲ್ಲ!

1989ರ ಜುಲೈನಲ್ಲಿ ದೇಶದೇಶಗಳ ನಡುವಿನ ರಫ್ತು ಕೋಟಾ ಒಪ್ಪಂದ ಕುಸಿಯಿತು. 1991ರಲ್ಲಿ ನಮ್ಮ ದೊಡ್ಡ ಗಿರಾಕಿ ಸೋವಿಯತ್ ದೇಶವೇ ಇಲ್ಲವಾಯಿತು. 1992ರಿಂದ ಪೂಲಿನ ಹಿಡಿತ ಹಂತಹಂತವಾಗಿ ಸಡಿಲಗೊಂಡು, 1996ರಲ್ಲಿ ಬೆಳೆಗಾರ ಪೂರಾ ಸ್ವತಂತ್ರನಾದ. ದರ ಚೆನ್ನಾಗಿದ್ದಷ್ಟು ದಿನ ಸ್ವಾತಂತ್ರ್ಯ ಸಿಹಿಯಾಗಿಯೇ ಇತ್ತು. 2001ರಲ್ಲಿ ನ್ಯೂಯಾರ್ಕಿನ ದರ ಪೌಂಡಿಗೆ ಅರ್ಧ ಡಾಲರಿಗಿಂತ ಕೆಳಕ್ಕೆ ಬಿದ್ದಾಗ, ಕೈಹಿಡಿಯಲು ಬೋರ್ಡಿನ ಪೂಲೂ ಇರಲಿಲ್ಲ, ಗುರುತಿನ ಗಿರಾಕಿಯೂ ಇರಲಿಲ್ಲ.

ಚಿಲ್ಲರೆ ಬೆಳೆಗಾರನ ಪಾಡು

ನಮ್ಮ ದೇಶದ ಕಾಫಿಯಲ್ಲಿ ನೂರಕ್ಕೆ ಸುಮಾರು 70 ಪಾಲು ಕರ್ನಾಟಕದ್ದು. ಬೆಳೆಗಾರರಲ್ಲಿ ನೂರಕ್ಕೆ 98 ಮಂದಿ ಹತ್ತು ಹೆಕ್ಟೇರಿನ ಒಳಗಿನವರು. ಇವರಿಗೆ ವರ್ತನೆ ಇರುವುದು ಊರ ವ್ಯಾಪಾರಿಯ ಜೊತೆ. ಗೊಬ್ಬರಕ್ಕೆ, ಕೂಲಿಗೆ ಮುಂಗಡ ಅವನೇ ಕೊಡುತ್ತಾನೆ, ಮಾಲು ಅವನಿಗೇ ಹೋಗುತ್ತದೆ. ಕಷ್ಟಕ್ಕೆ ಆಗುವವನೂ ಅವನೇ, ತೂಗುವವನೂ ಅವನೇ.

ಒಣಗಿದ ಚೆರಿಯ 50 ಕಿಲೋ ಚೀಲದ ಸಿಪ್ಪೆ ತೆಗೆದರೆ ಬೀಜ ಎಷ್ಟು ಕಿಲೋ ಬಂತು, 26ಓ 28ಓ, ಅದಕ್ಕೆ 'ಓಟಿ' ಅಂತಾರೆ. ಒಂದೊಂದು ಅಂಕಕ್ಕೂ ದುಡ್ಡು. ಮಾದರಿ ತೆಗೆಯುವ ಕೈಯೂ ತೇವ ಅಳೆಯುವ ಯಂತ್ರವೂ ಕೊಳ್ಳುವವನದೇ. ಮಂಡಿಯಲ್ಲಿ ಮೆಕ್ಕೆಜೋಳದ 'ಹಸಿ ಐತಿ' ಜಗಳ ಕಂಡ ಬಂಡ್ರಿ ಕಡೆಯ ರೈತನಿಗೆ ಇದನ್ನು ಬಿಡಿಸಿ ಹೇಳಬೇಕೇ?

ಹೊಸ ಕಾಲದ ಹುರಿಯುವವರು ಬೇರೆ ದಾರಿ ಹಿಡಿದರು. 2013ರಲ್ಲಿ ದಿಲ್ಲಿಯಲ್ಲಿ ಶುರುವಾದ ಬ್ಲೂ ಟೋಕಾಯ್ ಪೊಟ್ಟಣದ ಮೇಲೆ ತೋಟದ ಹೆಸರನ್ನೇ ಅಚ್ಚು ಹಾಕಿತು. ಬಿಳಿಗಿರಿರಂಗನ ಬೆಟ್ಟದ ಅತ್ತಿಕಾನ್ ತೋಟದ ಹೆಸರು ಹೀಗೆಯೇ ಪೇಟೆ ಮಂದಿಯ ಬಾಯಿಗೆ ಬಂತು. ಇಂಥವರಿಗೆ ಕೆಂಪಗೆ ಕಳಿತ ಹಣ್ಣೇ ಬೇಕು. ಅಂದರೆ ಒಂದೇ ಗಿಡಕ್ಕೆ ಮೂರು ನಾಲ್ಕು ಸಲ ಆಳು ಬಿಡಬೇಕು, ಕೂಲಿ ಏರುತ್ತದೆ. ಬಿಳಿ ಕಾಂಡಕೊರಕ ಹೊಕ್ಕ ಅರೇಬಿಕಾ ಗಿಡ ಕಿತ್ತು ಹೊಸದು ನೆಟ್ಟರೆ ಫಸಲಿಗೆ ಮೂರು ನಾಲ್ಕು ವರ್ಷ ಕಾಯಬೇಕು. ಈ ವರ್ಷ ಬಂದು ಫೋಟೋ ಹೊಡೆಸಿಕೊಂಡು ಮುಂದಿನ ವರ್ಷ ಫೋನೆತ್ತದ ಗಿರಾಕಿಯನ್ನು ನಂಬಿ ಯಾರು ಇಷ್ಟಕ್ಕೆ ಕೈ ಹಾಕುತ್ತಾರೆ?

ಯುರೋಪಿನಲ್ಲಿ 1988ರಲ್ಲೇ, ಮೆಕ್ಸಿಕೋದ ಸಣ್ಣ ಬೆಳೆಗಾರರ ಕಾಫಿಗೆ 'ಮ್ಯಾಕ್ಸ್ ಹ್ಯಾವೆಲಾರ್' ಎಂಬ ಮುದ್ರೆ ಒತ್ತಿ, ಇಷ್ಟಕ್ಕಿಂತ ಕಡಿಮೆಗೆ ಕೊಳ್ಳುವುದಿಲ್ಲ ಎಂಬ ಕಟ್ಟಳೆ ಹಾಕಿಕೊಂಡರು. ಅದರಿಂದ ಬೆಳೆದ ಫೇರ್‌ಟ್ರೇಡ್ ಸಂಸ್ಥೆ 2023ರಲ್ಲಿ, ತೊಳೆದ ಅರೇಬಿಕಾಕ್ಕೆ ಪೌಂಡಿಗೆ 1.80 ಡಾಲರ್ ತಳದರ ಗೊತ್ತುಮಾಡಿತು. ಪೇಟೆ ಮೇಲಿದ್ದರೆ ಪೇಟೆಯ ದರ, ಕೆಳಗಿದ್ದರೆ ತಳದರ. ಆದರೆ ಬೆಳೆ ಪೂರ್ತಿ ಕೊಳ್ಳುತ್ತೇವೆ ಎಂಬ ಖಾತ್ರಿ ಇದರಲ್ಲಿಲ್ಲ. ಸಣ್ಣವರು ಸಂಘ ಕಟ್ಟಿಕೊಂಡೇ ಬರಬೇಕು. ಆಂಧ್ರದ ಅರಕು ಕಣಿವೆಯ ಆದಿವಾಸಿಗಳು ಸಹಕಾರ ಸಂಘವಾಗಿ ನಿಂತರು. ಅವರ ಕಾಫಿಗೆ 2017ರಲ್ಲಿ ಪ್ಯಾರಿಸ್‌ನಲ್ಲೇ ಅಂಗಡಿ ತೆರೆಯಿತು.

ಮಾತಿಗೆ ಬೆಂಕಿ ಪರೀಕ್ಷೆ

ದರ ಬಿದ್ದಾಗ ನ್ಯಾಯದ ಮಾತು ಎಲ್ಲರಿಗೂ ಹಿತ. ಏರಿದಾಗ? 2024ರಲ್ಲಿ ರೋಬಸ್ಟಾ ದರ ಹಾರಿದಾಗ ವಿಯೆಟ್ನಾಮಿನಲ್ಲಿ ಹಳೆಯ ದರಕ್ಕೆ ಒಪ್ಪಿದ್ದ ಎಷ್ಟೋ ಮಂದಿ ಮಾಲು ಕೊಡದೆ ಹಿಂಜರಿದರು. 2025ರ ಫೆಬ್ರವರಿಯಲ್ಲಿ ಅರೇಬಿಕಾ ಪೌಂಡಿಗೆ 4 ಡಾಲರ್ ದಾಟಿತು. ಕೆಳಗಿದ್ದಾಗ ಕೈಬಿಡದ ಗಿರಾಕಿಯನ್ನು ಮೇಲೇರಿದಾಗ ಬಿಟ್ಟವನು, ಮತ್ತೆ ಬಿದ್ದ ದಿನ ಯಾರ ಬಾಗಿಲು ತಟ್ಟುತ್ತಾನೆ?

ಹೀಗಾಗಿ ಒಂದೇ ದರಕ್ಕೆ ವರ್ಷಗಟ್ಟಲೆ ಕಟ್ಟಿಹಾಕುವ ಕರಾರು ಇಬ್ಬರಿಗೂ ನೇಣು. ದರಕ್ಕಿಂತ ದರ ಗೊತ್ತುಮಾಡುವ ರೀತಿಗೆ ಒಪ್ಪಿಕೊಳ್ಳುವುದೇ ಮೇಲು. ಆ ದಿನದ ಪೇಟೆ ದರದ ಮೇಲೆ ಇಷ್ಟು, ಬಿದ್ದರೂ ಇಷ್ಟಕ್ಕಿಂತ ಕೆಳಗಿಲ್ಲ, ಬೆಳೆಯಲ್ಲಿ ಅರ್ಧ ನಿನಗೆ, ಉಳಿದರ್ಧ ನನ್ನಿಷ್ಟ. ಕೊಯ್ಲಿಗೆ ಮುಂಗಡ, ಓಟಿ ತೆಗೆಯುವಾಗ ಇಬ್ಬರೂ ಹಾಜರು. ಉದ್ರಿ ಖಾತೆ ನಡೆಸಿ ಪಳಗಿದ ಕಿರಾಣಿ ಅಂಗಡಿಯವರಿಗೆ ಇದರಲ್ಲಿ ಹೊಸದೇನೂ ಕಾಣಲಿಕ್ಕಿಲ್ಲ.

ಇನ್ನು ಇಲ್ಲಿಯ ಗಿರಾಕಿಯ ಕೈಗೆ ಬರುವುದು ಪೊಟ್ಟಣ. ಚಿಕೋರಿ ಬೆರೆತ ಪುಡಿಯಲ್ಲಿ ಕಾಫಿ ನೂರಕ್ಕೆ 51 ಪಾಲಿಗಿಂತ ಕಡಿಮೆ ಇರಕೂಡದು, ಎಷ್ಟಿದೆಯೆಂದು ಮೇಲೆ ಬರೆದಿರಬೇಕು, ಇದು ಕಾನೂನು. ಬೆಳೆದವನ ಹೆಸರು ಬರೆಯಬೇಕೆಂಬ ಕಡ್ಡಾಯವಿಲ್ಲ. ಬೀಜ ಯಾವ ತೋಟದ್ದೆಂದು ಕೇಳಿದರೆ ಪುಡಿ ಅಂಗಡಿಯವನು ಚೀಲದ ಮೇಲಿನ ಗ್ರೇಡು ಓದಿ ಹೇಳುತ್ತಾನೆ: ಪ್ಲಾಂಟೇಷನ್ ಎ, ಪೀಬೆರಿ, ರೋಬಸ್ಟಾ ಚೆರಿ.