ಪಾಯಿಂಟ್ 22 ರೈಫಲ್ ಗುರಿ ತಪ್ಪುತ್ತಿದೆಯೇ? ಬ್ಯಾರಲ್‌ಗೆ ಬೈಯುವ ಮುಂಚೆ ಇಷ್ಟು ನೋಡಿ



ಗದ್ದೆ ನಾಟಿ ಮುಗಿದು ಸೆಪ್ಟೆಂಬರ್ ಮೊದಲ ವಾರದ ಕೈಲ್‌ಪೊಳ್ದ್ ಹತ್ತಿರ ಬಂತು ಅಂದ್ರೆ, ಕೊಡಗಿನ ಊರೂರಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಗಳ ಮಾತು ಶುರು. ಮಳೆಗಾಲ ಪೂರ್ತಿ ಬೀರುವಿನಲ್ಲಿದ್ದ ರೈಫಲ್‌ಗಳು ಆಚೆ ಬರುತ್ತವೆ. ಆಗ ಈ ಮಾತೂ ಕೇಳಿಸುತ್ತೆ: "ಅಣ್ಣಾ, ಹೋದ ವರ್ಷ ಚೆನ್ನಾಗೇ ಹೊಡೀತಿತ್ತು. ಈ ಸಲ ಒಂದು ಗುಂಡು ಎಡಕ್ಕೆ, ಇನ್ನೊಂದು ಮೇಲಕ್ಕೆ. ಬ್ಯಾರಲ್ ಹೋಗಿರ್ಬೇಕು." ಅಲ್ಲಿಂದ ಮುಂದೆ ಹೊಸ ಸ್ಕೋಪ್‌ಗೆ ಸಾವಿರಾರು ರೂಪಾಯಿ ಖರ್ಚು, ಇಲ್ಲಾಂದ್ರೆ ಅಜ್ಜನ ಕಾಲದ ರೈಫಲ್ ಮಾರಾಟಕ್ಕೆ.

ಪಾಯಿಂಟ್ 22 ರೈಫಲ್‌ನ ಬ್ಯಾರಲ್ ಅಷ್ಟು ಸುಲಭಕ್ಕೆ ಹೋಗಲ್ಲ. ಗುಂಡು ಮೆತ್ತನೆಯ ಸೀಸದ್ದು, ಒತ್ತಡವೂ ದೊಡ್ಡ ರೈಫಲ್‌ಗಳಿಗಿಂತ ಬಹಳ ಕಡಿಮೆ. ಸಾವಿರಾರು ಗುಂಡು ಹೊಡೆದ ಬ್ಯಾರಲ್‌ಗಳು ಇನ್ನೂ ನಿಖರವಾಗಿಯೇ ಇರುತ್ತವೆ. ತೊಂದರೆ ಹೆಚ್ಚಾಗಿ ಇರೋದು ಸಡಿಲವಾದ ಸ್ಕ್ರೂ, ತೇವ ಕುಡಿದ ಮರ, ಹೊಂದದ ತೋಟಾ, ಇಲ್ಲಾ ನಮ್ಮ ಕೈಯಲ್ಲಿ.

ಬೆಳೆಯ ರೋಗ ಹುಡುಕುವ ಕ್ರಮವೇ ಇಲ್ಲೂ ಬೇಕು. ಮೆಣಸಿನ ಬಳ್ಳಿಯ ಎಲೆ ಹಳದಿಯಾದರೆ ಸಾರಜನಕದ ಕೊರತೆ ಇರಬಹುದು, ನೀರು ನಿಂತಿರಬಹುದು, ಬೇರಿಗೆ ಜಂತುಹುಳು ಬಿದ್ದಿರಬಹುದು. ಮೂರಕ್ಕೂ ಒಟ್ಟಿಗೆ ಔಷಧಿ ಕೊಟ್ಟರೆ ಯಾವುದು ಕೆಲಸ ಮಾಡಿತು ಅಂತ ಗೊತ್ತಾಗಲ್ಲ. ರೈಫಲ್‌ನಲ್ಲೂ ಹಾಗೇ: ಖರ್ಚಿಲ್ಲದ್ದನ್ನು ಮೊದಲು ನೋಡಿ, ಒಂದು ಸಲಕ್ಕೆ ಒಂದನ್ನೇ ಬದಲಿಸಿ.

ಕಾನೂನು ಮತ್ತು ಸುರಕ್ಷತೆ

1959ರ ಶಸ್ತ್ರಾಸ್ತ್ರ ಕಾಯ್ದೆಯ 13ನೇ ಕಲಂ ಪಾಯಿಂಟ್ 22 ರೈಫಲನ್ನು ಹೆಸರಿಸುವುದು ರೈಫಲ್ ಕ್ಲಬ್ ಸದಸ್ಯರ ಗುರಿ ಅಭ್ಯಾಸಕ್ಕಾಗಿ. ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಲೈಸೆನ್ಸ್‌ನಿಂದ ವಿನಾಯಿತಿ ಇದೆ. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿದೆ. ಉಳಿದವರಿಗೆ ಲೈಸೆನ್ಸ್ ಬೇಕೇ ಬೇಕು. ತೋಟಕ್ಕೆ ಬಂದ ನವಿಲು, ಕೋತಿ, ಹಂದಿಯ ಮೇಲೆ ಅನುಮತಿ ಇಲ್ಲದೆ ಗುಂಡು ಹೊಡೆಯೋದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಹಾಗಾಗಿ ಕೆಳಗೆ ಹೇಳಿರುವ ಪರೀಕ್ಷೆಗಳೆಲ್ಲ ಕ್ಲಬ್ ಅಥವಾ ಶೂಟಿಂಗ್ ರೇಂಜ್‌ನಲ್ಲಿ ಮಾಡುವಂಥವು.

"ಸಣ್ಣ ಗುಂಡು ತಾನೇ" ಅನ್ನಬೇಡಿ. ಈ ಗುಂಡು ಒಂದೂವರೆ ಕಿಲೋಮೀಟರ್‌ವರೆಗೂ ಹೋಗಬಲ್ಲದು. ಕಲ್ಲಿಗೂ ನೀರಿಗೂ ತಾಗಿ ಸಿಡಿಯುತ್ತೆ. ತೋಟದ ಆ ಬದಿಗೆ ಲೈನ್ ಮನೆಗಳಿರುತ್ತವೆ, ದಾರಿಯಲ್ಲಿ ಶಾಲೆಗೆ ಹೋಗೋ ಮಕ್ಕಳಿರುತ್ತಾರೆ. ಗುರಿಯ ಹಿಂದೆ ದಪ್ಪ ಮಣ್ಣಿನ ದಿಬ್ಬ ಇಲ್ಲದ ಕಡೆ ಪರೀಕ್ಷೆ ಬೇಡ.

ರೈಫಲ್ ಮುಟ್ಟುವ ಪ್ರತಿ ಸಲವೂ ಮ್ಯಾಗಜಿನ್ ತೆಗೆಯಿರಿ, ಬೋಲ್ಟ್ ತೆರೆಯಿರಿ, ಒಳಗೆ ತೋಟಾ ಇಲ್ಲ ಅಂತ ಕಣ್ಣಲ್ಲೂ ಬೆರಳಲ್ಲೂ ಖಾತ್ರಿ ಮಾಡಿಕೊಳ್ಳಿ.

ಮೊದಲು ಗ್ರೂಪ್, ಆಮೇಲೆ ಗುರಿ

ತೆಂಗಿನಕಾಯಿಗೆ ಹೊಡೆದು ರೈಫಲ್ ಪರೀಕ್ಷೆ ಮಾಡೋಕಾಗಲ್ಲ. ಕಾಯಿ ಒಡೆಯಿತು ಅಥವಾ ಒಡೆಯಲಿಲ್ಲ ಅಂತಷ್ಟೇ ಗೊತ್ತಾಗೋದು. ತಪ್ಪಿದ ಗುಂಡು ಎಲ್ಲಿ ಹೋಯಿತು ಅಂತ ಕಾಗದ ಮಾತ್ರ ಹೇಳುತ್ತೆ.

50 ಮೀಟರ್‌ನಲ್ಲಿ ಕಾಗದ ಕಟ್ಟಿ. ಮರಳು ತುಂಬಿದ ಚೀಲದ ಮೇಲೆ ರೈಫಲ್‌ನ ಮುಂಭಾಗದ ಮರವನ್ನು ಇಡಿ. ಬ್ಯಾರಲ್ ಮಾತ್ರ ಚೀಲಕ್ಕೆ ತಾಗಬಾರದು. ಒಂದೇ ಬಿಂದುವಿಗೆ ಗುರಿ ಇಟ್ಟು 5 ಗುಂಡು ಹೊಡೆಯಿರಿ. ಮಧ್ಯದಲ್ಲಿ ಸ್ಕೋಪ್ ತಿರುಗಿಸಬೇಡಿ.

ಐದೂ ತೂತು ಹತ್ತಿರ ಹತ್ತಿರ ಇದ್ದು, ಗುರಿಯಿಂದ ದೂರ ಇದ್ದರೆ ರೈಫಲ್ ಚೆನ್ನಾಗಿದೆ, ಸ್ಕೋಪ್ ಹೊಂದಿಸಿದರೆ ಸಾಕು. ತೂತುಗಳು ಚೆಲ್ಲಾಪಿಲ್ಲಿ ಆಗಿದ್ದರೆ ಸ್ಕೋಪ್ ಎಷ್ಟು ತಿರುಗಿಸಿದರೂ ಪ್ರಯೋಜನ ಇಲ್ಲ. ತುಂಬಾ ಜನ ಎಡವೋದು ಇಲ್ಲೇ. ಒಂದು ಗುಂಡು ಎಡಕ್ಕೆ ಹೋಯ್ತು ಅಂತ ಬಲಕ್ಕೆ ತಿರುಗಿಸ್ತಾರೆ, ಮುಂದಿನದು ಇನ್ನೂ ಬಲಕ್ಕೆ ಹೋಗುತ್ತೆ, ಕೊನೆಗೆ ಡಬ್ಬಿ ಖಾಲಿ.

50 ಮೀಟರ್‌ನಲ್ಲಿ 25 ಮಿಲಿಮೀಟರ್ ಒಳಗೆ 5 ಗುಂಡು ಬಿದ್ದರೆ ಸಾಮಾನ್ಯ ರೈಫಲ್‌ಗೆ ಒಳ್ಳೇ ಗ್ರೂಪ್. ಅಂತರರಾಷ್ಟ್ರೀಯ 50 ಮೀಟರ್ ರೈಫಲ್ ಸ್ಪರ್ಧೆಯಲ್ಲಿ 10 ಅಂಕದ ವೃತ್ತದ ಅಗಲ 10.4 ಮಿಲಿಮೀಟರ್ ಮಾತ್ರ. ಅದಕ್ಕೆ ಹೋಲಿಸಿದರೆ ತೆಂಗಿನಕಾಯಿ ದೊಡ್ಡ ಗುರಿ.

ಸ್ಕ್ರೂ ಮತ್ತು ಮರ

ಗ್ರೂಪ್ ಹರಡಿದ್ದರೆ ಮೊದಲ ಕೆಲಸ ಸ್ಕ್ರೂ ನೋಡೋದು. ಸ್ಕೋಪ್ ಹಿಡಿದಿರುವ ರಿಂಗ್, ಅದರ ಕೆಳಗಿನ ಬೇಸ್, ಬ್ಯಾರಲ್ ಭಾಗವನ್ನು ಮರಕ್ಕೆ ಹಿಡಿದಿರುವ ಸ್ಕ್ರೂಗಳು, ಈ ಮೂರೂ ಕಡೆ ನೋಡಿ. ಸರಿಯಾದ ಅಳತೆಯ ಸ್ಕ್ರೂಡ್ರೈವರ್ ಬಳಸಿ, ರೈಫಲ್‌ನ ಕೈಪಿಡಿಯಲ್ಲಿ ಹೇಳಿದಷ್ಟೇ ಬಿಗಿ ಮಾಡಿ. ಜಾಸ್ತಿ ಬಿಗಿದರೆ ಮರ ಜಜ್ಜಿಹೋಗುತ್ತೆ, ಸ್ಕೋಪ್‌ನ ಕೊಳವೆ ಒಳಗೆ ತಗ್ಗುತ್ತೆ.

ಆಮೇಲೆ ಮರ. ಮಲೆನಾಡಿನ ಮಳೆಗೆ ಮನೆಯ ಬಾಗಿಲೇ ಉಬ್ಬಿ ಹಾಕೋಕೆ ಬರಲ್ಲ. ರೈಫಲ್‌ನ ಮರವೂ ಹಾಗೇ ಉಬ್ಬುತ್ತೆ, ಬಾಗುತ್ತೆ. ಹೋದ ಬೇಸಿಗೆಯಲ್ಲಿ ಬ್ಯಾರಲ್‌ಗೆ ತಾಗದಿದ್ದ ಮರ ಈಗ ಒಂದು ಬದಿಯಿಂದ ಒತ್ತುತ್ತಿರಬಹುದು. ಒಂದು ನೋಟನ್ನು ಬ್ಯಾರಲ್ ಮತ್ತು ಮರದ ನಡುವೆ ತೂರಿಸಿ ಹಿಂದಕ್ಕೆ ಎಳೆಯಿರಿ. ಎಲ್ಲಿ ಸಿಕ್ಕಿಕೊಳ್ಳುತ್ತೋ ಅಲ್ಲಿ ಒತ್ತಡ ಇದೆ. ಆದರೆ ತಕ್ಷಣ ಮರಳು ಕಾಗದ ಹಿಡಿಯಬೇಡಿ. ಕೆಲವು ರೈಫಲ್‌ಗಳಲ್ಲಿ ಮುಂತುದಿಯ ಹತ್ತಿರ ಬೇಕಂತಲೇ ಒಂದು ಆಸರೆ ಕೊಟ್ಟಿರುತ್ತಾರೆ. ಎರಡೂ ಬದಿ ಸಮವಾಗಿ ತಾಗುತ್ತಿದ್ದರೆ ಅದು ಆಸರೆ ಇರಬಹುದು. ಒಂದೇ ಬದಿ ಒತ್ತುತ್ತಿದ್ದರೆ ಅನುಮಾನ ಪಡಿ.

ತೋಟಾ: ಪ್ರತಿ ರೈಫಲ್‌ಗೂ ಅದರದ್ದೇ ರುಚಿ

ಒಂದೇ ಕಂಪನಿಯ, ಒಂದೇ ಮಾದರಿಯ ಎರಡು ರೈಫಲ್‌ಗೂ ಒಂದೇ ತೋಟಾ ಹೊಂದಬೇಕು ಅಂತೇನಿಲ್ಲ. ಇದಕ್ಕೆ ಲೆಕ್ಕಾಚಾರ ಇಲ್ಲ, ಹೊಡೆದೇ ನೋಡಬೇಕು. ದುಬಾರಿಯದ್ದೇ ಚೆನ್ನಾಗಿ ಹೋಗುತ್ತೆ ಅನ್ನೋದೂ ಖಾತ್ರಿ ಇಲ್ಲ.

ಡಬ್ಬಿಯ ಮೇಲೆ ವೇಗ ನೋಡಿ. ಸಾಮಾನ್ಯ ವೇಗದ ತೋಟಾ ಸೆಕೆಂಡಿಗೆ ಸುಮಾರು 325 ಮೀಟರ್, ಅಂದರೆ ಶಬ್ದದ ವೇಗಕ್ಕಿಂತ ಕಡಿಮೆ. ಹೈ ವೆಲಾಸಿಟಿ ಅಂತ ಬರೆದದ್ದು ಸುಮಾರು 380 ಮೀಟರ್. ವೇಗದ ಗುಂಡು ದಾರಿಯಲ್ಲಿ ನಿಧಾನವಾಗುತ್ತಾ ಶಬ್ದದ ವೇಗ ದಾಟಿ ಕೆಳಗಿಳಿಯುವಾಗ ಅದರ ಓಟ ಕದಡಬಹುದು. ಗುರಿ ಸ್ಪರ್ಧೆಯವರು ಸಾಮಾನ್ಯ ವೇಗದ ತೋಟಾವನ್ನೇ ಆರಿಸಿಕೊಳ್ಳೋದಕ್ಕೆ ಇದೂ ಒಂದು ಕಾರಣ.

ಕೊಳ್ಳಬಹುದಾದ ಗುಂಡಿಗೆ ಮಿತಿ ಇರೋದರಿಂದ ಲೆಕ್ಕ ಹಾಕಿ ಹೊಡೆಯಿರಿ. ಮೂರು ಬಗೆಯ ತೋಟಾ ತಗೊಳ್ಳಿ. ಪ್ರತಿ ಬಗೆಯಲ್ಲೂ ಮೊದಲ 5 ಗುಂಡು ಲೆಕ್ಕಕ್ಕೆ ಬೇಡ. ಈ ಗುಂಡುಗಳ ಮೇಲೆ ಮೇಣ ಅಥವಾ ಗ್ರೀಸ್ ಸವರಿರುತ್ತೆ, ಹೊಸ ಬಗೆಗೆ ಬ್ಯಾರಲ್ ಹೊಂದಿಕೊಳ್ಳೋಕೆ ಕೆಲವು ಗುಂಡು ಬೇಕು. ಆಮೇಲೆ 5 ಗುಂಡಿನ ಎರಡು ಗ್ರೂಪ್. ಒಟ್ಟು 45 ಗುಂಡಿಗೆ ಉತ್ತರ ಸಿಗುತ್ತೆ. ಯಾವುದು ಚೆನ್ನಾಗಿ ಹೋಯಿತೋ ಅದರ ಲಾಟ್ ನಂಬರ್ ನೋಡಿ ಅದೇ ಲಾಟ್‌ನದ್ದನ್ನು ಕೊಳ್ಳಿ. ಬೀಜ ಕೊಳ್ಳುವಾಗ ಲಾಟ್ ನೋಡ್ತೀವಲ್ಲ, ಹಾಗೇ.

ತೋಟಾಗೆ ಎಣ್ಣೆ ತಾಗಿಸಬೇಡಿ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ, ರೈಫಲ್‌ನಿಂದ ಬೇರೆ ಜಾಗದಲ್ಲಿ ಬೀಗ ಹಾಕಿ ಇಡಿ.

ಶುಚಿ: ಕಡಿಮೆಯೂ ತಪ್ಪು, ಜಾಸ್ತಿಯೂ ತಪ್ಪು

ಗುಂಡು ಕೂರುವ ಜಾಗದ ಮುಂದೆ ಮಸಿ, ಮೇಣ, ಸೀಸ ಸೇರಿ ಒಂದು ಬಳೆಯಂತೆ ಗಟ್ಟಿಯಾಗುತ್ತೆ. ನೂರಾರು ಗುಂಡಿನ ನಂತರ ಗ್ರೂಪ್ ನಿಧಾನಕ್ಕೆ ಹರಡತೊಡಗಿದರೆ ಇದೇ ಕಾರಣ ಇರಬಹುದು. ಬಂದೂಕಿನ ಸಾಲ್ವೆಂಟ್ ಹಾಕಿ ಸ್ವಲ್ಪ ಹೊತ್ತು ಬಿಟ್ಟು, ಬ್ರಷ್‌ನಿಂದ ತೆಗೆಯಿರಿ.

ಆದರೆ ಕಬ್ಬಿಣದ ಕಡ್ಡಿಯನ್ನು ಬ್ಯಾರಲ್‌ನ ಮುಂತುದಿಯಿಂದ ತೂರಿಸಿ ಉಜ್ಜಬೇಡಿ. ಗುಂಡು ಕೊನೆಯದಾಗಿ ಬಿಟ್ಟು ಹೋಗೋದು ಆ ತುದಿಯ ಅಂಚನ್ನು. ಅಲ್ಲಿ ಸಣ್ಣ ಗೀರು ಬಿದ್ದರೂ ಗುಂಡು ಓರೆಯಾಗುತ್ತೆ. ಸೀಸದ ಗುಂಡಿಗಿಂತ ಇಂಥ ಕಡ್ಡಿಯಿಂದಲೇ ಹಾಳಾಗುವ ಬ್ಯಾರಲ್‌ಗಳು ಹೆಚ್ಚು. ಬೋಲ್ಟ್ ತೆಗೆದು ಹಿಂದಿನಿಂದಲೇ ಶುಚಿ ಮಾಡಿ. ಹಿಂದಿನಿಂದ ಆಗದ ರೈಫಲ್‌ಗೆ ಎಳೆಯುವ ಹಗ್ಗ ಬಳಸಿ. ಅಂಚು ಪರೀಕ್ಷಿಸಲು ಕಿವಿಗೆ ಹಾಕುವ ಹತ್ತಿಕಡ್ಡಿಯನ್ನು ಒಳಗಿಂದ ಹೊರಕ್ಕೆ ಮೆಲ್ಲಗೆ ಎಳೆಯಿರಿ. ಹತ್ತಿಯ ಎಳೆ ಸಿಕ್ಕಿಕೊಂಡರೆ ಅಲ್ಲಿ ಗೀರಿದೆ.

ಶುಚಿ ಮಾಡಿದ ತಕ್ಷಣದ ಮೊದಲ ಗುಂಡುಗಳು ಬೇರೆ ಕಡೆ ಬೀಳೋದು ಸಹಜ. ಸ್ಪರ್ಧೆಯ ಬೆಳಗ್ಗೆ ಬ್ಯಾರಲ್ ತೊಳೆಯಬೇಡಿ.

ಗುಂಡು ಇಲ್ಲದೆ ಟ್ರಿಗರ್ ಎಳೆಯುವ ಅಭ್ಯಾಸವೂ ಬೇಡ. ಈ ರೈಫಲ್‌ನಲ್ಲಿ ಪಿನ್ ಬಡಿಯೋದು ತೋಟಾದ ಅಂಚಿಗೆ. ತೋಟಾ ಇಲ್ಲದಿದ್ದರೆ ಕೆಲವು ರೈಫಲ್‌ಗಳಲ್ಲಿ ಅದು ಚೇಂಬರ್‌ನ ಅಂಚಿಗೇ ಬಡಿದು ತಗ್ಗು ಮಾಡುತ್ತೆ. ಕೈಪಿಡಿ ಒಪ್ಪಿದರೆ ಮಾತ್ರ ಮಾಡಿ.

ಸ್ಕೋಪ್, ಗಾಳಿ, ಕೈ

ರೈಫಲನ್ನು ಚೀಲದ ಮೇಲೆ ಅಲುಗದಂತೆ ಕೂರಿಸಿ. ಮುಟ್ಟದೆ, ಸ್ಕೋಪ್‌ನಲ್ಲಿ ನೋಡುತ್ತಾ ತಲೆಯನ್ನು ಸ್ವಲ್ಪ ಆಚೀಚೆ ಆಡಿಸಿ. ಒಳಗಿನ ಗೆರೆ ಗುರಿಯ ಮೇಲೆ ಓಡಾಡಿದರೆ ಅದು ಪ್ಯಾರಲಾಕ್ಸ್. ದೊಡ್ಡ ರೈಫಲ್‌ಗಳ ಸ್ಕೋಪ್ ಸಾಮಾನ್ಯವಾಗಿ 100 ಗಜಕ್ಕೆ ಹೊಂದಿಸಿದ್ದು, ಹತ್ತಿರದ ಗುರಿಗೆ ಹೊಂದಲ್ಲ. ಪಾಯಿಂಟ್ 22ಗೆ ಅಂತಲೇ ಮಾಡಿದ್ದು, ಅಥವಾ ದೂರ ಹೊಂದಿಸಬಹುದಾದದ್ದು ಬೇಕು. ಅಲ್ಲಿಯವರೆಗೆ ಕೆನ್ನೆಯನ್ನು ಪ್ರತಿ ಸಲ ಮರದ ಅದೇ ಜಾಗಕ್ಕೆ ಒರಗಿಸಿ.

ಗಂಟೆಗೆ 16 ಕಿಲೋಮೀಟರ್ ವೇಗದ ಅಡ್ಡಗಾಳಿ 50 ಮೀಟರ್‌ನಲ್ಲಿ ಗುಂಡನ್ನು ಸುಮಾರು 3 ಸೆಂಟಿಮೀಟರ್ ತಳ್ಳುತ್ತೆ. ಗಾಳಿ ಇಲ್ಲದ ಬೆಳಗಿನ ಹೊತ್ತು ಪರೀಕ್ಷೆ ಮಾಡಿ.

ಇನ್ನು ನಮ್ಮ ಕೈ. ಈ ಗುಂಡು ನಿಧಾನದ್ದು, ಬ್ಯಾರಲ್ ದಾಟೋಕೆ ಹೆಚ್ಚು ಸಮಯ ತಗೊಳ್ಳುತ್ತೆ. ಟ್ರಿಗರ್ ಎಳೆದ ಕೂಡಲೇ ತಲೆ ಎತ್ತಿ ನೋಡಿದರೆ ಗುಂಡು ಆಚೆ ಹೋಗುವ ಮುಂಚೆಯೇ ರೈಫಲ್ ಅಲುಗಿರುತ್ತೆ. ಉಸಿರು ಅರ್ಧ ಬಿಟ್ಟು ತಡೆದು, ಮೆಲ್ಲಗೆ ಒತ್ತಿ, ಸದ್ದಾದ ಮೇಲೂ ಒಂದು ಕ್ಷಣ ಹಾಗೇ ಇರಿ. ರೈಫಲ್ ಮೇಲೋ ಕೈ ಮೇಲೋ ಅನುಮಾನ ಬಂದರೆ, ಪಳಗಿದ ಇನ್ನೊಬ್ಬರ ಕೈಯಲ್ಲಿ ಅದೇ ತೋಟಾದ 5 ಗುಂಡು ಹೊಡೆಸಿ ನೋಡಿ.

ಕಾಗದ ಏನು ಹೇಳುತ್ತೆ?

- ಹತ್ತಿರ ಹತ್ತಿರ, ಆದರೆ ಗುರಿಯಿಂದ ದೂರ: ಸ್ಕೋಪ್ ಹೊಂದಿಸಿ. ಕಾಲು ಎಂಒಎ ಸ್ಕೋಪ್‌ನಲ್ಲಿ 50 ಮೀಟರ್‌ಗೆ ಒಂದು ಕ್ಲಿಕ್ ಅಂದರೆ ಸುಮಾರು 3.6 ಮಿಲಿಮೀಟರ್. 4 ಸೆಂಟಿಮೀಟರ್‌ಗೆ 11 ಕ್ಲಿಕ್.
- ಮೇಲೆ ಕೆಳಗೆ ಉದ್ದ ಸಾಲು: ತೋಟಾದ ವೇಗದಲ್ಲಿ ವ್ಯತ್ಯಾಸ, ಉಸಿರು, ಚೀಲದ ಮೇಲೆ ಇಡುವ ಜಾಗ ಬದಲಾಗಿದ್ದು.
- ಅಡ್ಡ ಸಾಲು: ಗಾಳಿ, ಅಥವಾ ಟ್ರಿಗರ್ ಜಗ್ಗಿದ್ದು.
- ಎರಡು ಬೇರೆ ಬೇರೆ ಗುಂಪು: ಸ್ಕೋಪ್ ಅಥವಾ ಮರದ ಸ್ಕ್ರೂ ಸಡಿಲ.
- ಎಲ್ಲಾ ಕಡೆ ಚೆಲ್ಲಿದ್ದು: ಸ್ಕ್ರೂ, ತೋಟಾ, ಬ್ಯಾರಲ್‌ನ ತುದಿ, ಇದೇ ಕ್ರಮದಲ್ಲಿ ನೋಡಿ.

ಟ್ರಿಗರ್ ಎಳೆದಾಗ ಗುಂಡು ಹಾರದಿದ್ದರೆ ರೈಫಲನ್ನು ಗುರಿಯ ಕಡೆಗೇ ಹಿಡಿದು 30 ಸೆಕೆಂಡ್ ಕಾದು ಆಮೇಲೆ ಬೋಲ್ಟ್ ತೆರೆಯಿರಿ. ಸದ್ದು ತೀರಾ ಮೆತ್ತಗೆ ಬಂದರೆ ಗುಂಡು ಬ್ಯಾರಲ್ ಒಳಗೇ ಸಿಕ್ಕಿರಬಹುದು. ಇನ್ನೊಂದು ಗುಂಡು ಹೊಡೆಯಲೇಬೇಡಿ.

ಇಷ್ಟೆಲ್ಲಾ ನೋಡಿಯೂ ಗ್ರೂಪ್ ಸರಿಯಾಗದಿದ್ದರೆ, ಅಥವಾ ತುದಿಯಲ್ಲಿ ಗೀರು, ಒಳಗೆ ತುಕ್ಕಿನ ಗುಳಿ ಕಂಡರೆ, ಲೈಸೆನ್ಸ್ ಇರುವ ಬಂದೂಕು ರಿಪೇರಿಯವರ ಹತ್ತಿರ ಹೋಗಿ. ತುದಿಯ ಅಂಚನ್ನು ಅವರು ಹೊಸದಾಗಿ ಕೆತ್ತಿ ಸರಿ ಮಾಡಬಹುದು. ಅದಕ್ಕೆ ಬ್ಯಾರಲ್ ಬದಲಿಸಬೇಕಾಗಿಲ್ಲ. ಹೋಗುವಾಗ ಪ್ರತಿ ಕಾಗದದ ಫೋಟೋ ಮೊಬೈಲ್‌ನಲ್ಲಿರಲಿ, ಜೊತೆಗೆ ದಿನಾಂಕ, ದೂರ, ತೋಟಾದ ಹೆಸರು, ಲಾಟ್ ನಂಬರ್, ಆ ದಿನ ಬದಲಿಸಿದ್ದು ಏನು ಅಂತ ಬರೆದಿಡಿ. "ಯಾಕೋ ಸರಿ ಹೊಡೀತಿಲ್ಲ" ಅನ್ನೋದಕ್ಕಿಂತ ಆ ಹತ್ತು ಫೋಟೋ ಅವರಿಗೆ ಹೆಚ್ಚು ಹೇಳುತ್ತವೆ.