ಕೈತಪ್ಪಿದ ಜಾಲತಾಣದ ಹೆಸರನ್ನು ಕಡಿಮೆ ಖರ್ಚಿನಲ್ಲಿ ಮರಳಿ ಪಡೆಯುವ ಬಗೆ

ಗದ್ದೆ-ತೋಟದ ಮಾತು ಬಿಟ್ಟು ಇಂದು ಜಾಲತಾಣದ ಹೆಸರಿನ ಮಾತು ಯಾಕೆ ಅಂತ ನೀವು ಕೇಳಬಹುದು. ನಮ್ಮ ಮಿರ್ಜಾನ ಸೀಮೆಯ ಕಾಳುಮೆಣಸು, ಮುರುಗಲು, ಕಗ್ಗದ ಅಕ್ಕಿ, ಕುಮಟೆಯ ಸಿಹಿ ಈರುಳ್ಳಿ ಇವನ್ನೆಲ್ಲ ಮನೆಯಲ್ಲೇ ಕೂತು ದೂರದ ಊರಿಗೆ ಮಾರುವ ಕಾಲ ಬಂದಿದೆ. ಪೊಟ್ಟಣದ ಮೇಲೆ ಅಚ್ಚಾದ ಜಾಲತಾಣದ ಹೆಸರು ನೋಡಿಯೇ ಗಿರಾಕಿ ಬರುತ್ತಾನೆ. ಆ ಹೆಸರು ಕೈತಪ್ಪಿದರೆ ಗಿರಾಕಿಯೂ ಕೈತಪ್ಪಿದ ಹಾಗೆಯೇ.

ಈ ಹೆಸರಿಗೆ ಡೊಮೇನ್ ಅನ್ನುತ್ತಾರೆ. ಇದು ಕ್ರಯಕ್ಕೆ ಕೊಂಡ ಜಮೀನಲ್ಲ, ಗೇಣಿಗೆ ಹಿಡಿದ ಜಮೀನಿನಂತೆ. ನೋಂದಣಿ ಕಂಪನಿಗೆ ವರ್ಷ ವರ್ಷ ಹಣ ಕಟ್ಟಬೇಕು. ಕಟ್ಟದಿದ್ದರೆ ಹೆಸರು ಬಿಡುಗಡೆಯಾಗಿ, ಮೊದಲು ಕೇಳಿದವನ ಪಾಲಾಗುತ್ತದೆ. ಹೀಗೆ ಪರರ ಹೆಸರನ್ನು ಹಿಡಿದಿಟ್ಟು ಹೆಚ್ಚಿನ ಬೆಲೆಗೆ ಮಾರುವವರಿಗೆ ಸೈಬರ್ ಸ್ಕ್ವಾಟರ್ ಎಂಬ ಹೆಸರಿದೆ. ಮರೆವು ಬಡವರಿಗೆ ಮಾತ್ರ ಬರುವುದಲ್ಲ. 1999ರ ಡಿಸೆಂಬರಿನಲ್ಲಿ ಮೈಕ್ರೋಸಾಫ್ಟ್ ಕಂಪನಿಯೇ ತನ್ನ ಪಾಸ್‌ಪೋರ್ಟ್ ಡಾಟ್ ಕಾಂ ಹೆಸರಿಗೆ ಹಣ ಕಟ್ಟಲು ಮರೆತಿತ್ತು. ಅಮೆರಿಕದ ಒಬ್ಬ ಸಜ್ಜನ ತನ್ನ ಕೈಯಿಂದ 35 ಡಾಲರು ಕಟ್ಟಿ ಅದನ್ನು ಉಳಿಸಿಕೊಟ್ಟ. ಎಲ್ಲರಿಗೂ ಅಂಥವರು ಸಿಗುವುದಿಲ್ಲ.

ಮೊದಲು ದಿನದ ಲೆಕ್ಕ ತಿಳಿಯಿರಿ. ಡಾಟ್ ಕಾಂ ಹೆಸರಿನ ಅವಧಿ ಮುಗಿದೊಡನೆ ಅದು ಪರರ ಪಾಲಾಗುವುದಿಲ್ಲ. ಕಂಪನಿಯ ನಿಯಮದಂತೆ ಹೆಚ್ಚೆಂದರೆ 45 ದಿನದವರೆಗೆ ನವೀಕರಿಸಲು ಅವಕಾಶವಿರುತ್ತದೆ. ಆದರೆ ಕೆಲವು ಕಂಪನಿಗಳು ಈ ದಿನಗಳಲ್ಲೇ ಹರಾಜಿಗೆ ಇಡುವುದುಂಟು, ಆದ್ದರಿಂದ ತಡ ಮಾಡಬೇಡಿ. ಆಮೇಲೆ ಹೆಸರು ಅಳಿಸುವ ಪಟ್ಟಿಗೆ ಸೇರಿದರೂ 30 ದಿನ ಬಿಡಿಸಿಕೊಳ್ಳಬಹುದು, ಆಗ ದಂಡದ ಹಣ ಬಹಳ ಹೆಚ್ಚು. ಕೊನೆಯ 5 ದಿನ ಯಾರಿಗೂ ಏನೂ ಮಾಡಲು ಬರುವುದಿಲ್ಲ. ಆರನೆಯ ದಿನ ಹೆಸರು ಬಯಲಿಗೆ ಬೀಳುತ್ತದೆ. ಡಾಟ್ ಇನ್ ಹೆಸರಾದರೆ ಗಡುವು ಎಷ್ಟೆಂದು ನಿಮ್ಮ ಕಂಪನಿಯನ್ನೇ ಕೇಳಿರಿ. ಗಜನಿಯ ಕಟ್ಟೆಯಲ್ಲಿ ಏಡಿ ಕೊರೆದ ತೂತು ಸಣ್ಣದಿದ್ದಾಗಲೇ ಮುಚ್ಚಬೇಕು, ಉಪ್ಪುನೀರು ನುಗ್ಗಿದ ಮೇಲೆ ಖರ್ಚು ಹತ್ತು ಪಟ್ಟು. ಇದೂ ಹಾಗೆಯೇ.

ಹೆಸರು ಆಗಲೇ ಪರರ ಕೈಸೇರಿದ್ದರೆ ಏನು ಮಾಡೋದು? ಆ ದಿನವೇ ಮಾಡತಕ್ಕ ಕೆಲಸ ಒಂದಿದೆ, ಅದಕ್ಕೆ ಬಿಡಿಕಾಸೂ ಬೇಡ. ಆ ಹೆಸರಿನಡಿ ನಿಮ್ಮ ಇಮೇಲ್ ವಿಳಾಸ ಇದ್ದರೆ, ಬ್ಯಾಂಕಿನಲ್ಲಿ, ಜಿ.ಎಸ್.ಟಿ. ಖಾತೆಯಲ್ಲಿ, ಆಹಾರ ಪರವಾನಗಿಯಲ್ಲಿ ಅದನ್ನು ಬದಲಾಯಿಸಿರಿ. ಯಾಕಂದರೆ ಇನ್ನು ಮುಂದೆ ಆ ವಿಳಾಸಕ್ಕೆ ಬರುವ ಪತ್ರವೆಲ್ಲ ಹೊಸ ಒಡೆಯನಿಗೆ ಸೇರಬಹುದು, ಗುಪ್ತಪದ ಬದಲಿಸುವ ಪತ್ರವೂ ಸಹ. ನಿಮ್ಮ ಹೆಸರಿನಲ್ಲಿ ಯಾರಾದರೂ ಹಣ ಎತ್ತಿದರೆ 1930ಕ್ಕೆ ಫೋನು ಮಾಡಿರಿ.

ಎರಡನೆಯದಾಗಿ, ದಾಖಲೆ ಕೂಡಿಸಿರಿ. ಹಳೆಯ ಬಿಲ್ಲು, ಅಚ್ಚಾದ ಪೊಟ್ಟಣ, ಗಿರಾಕಿಗಳ ಪತ್ರ, ಹಣ ಕಟ್ಟಿದ ರಸೀದಿ ಯಾವುದನ್ನೂ ಎಸೆಯಬೇಡಿ. ಹಳೆಯ ಪುಟಗಳ ಚಿತ್ರ ಇಂಟರ್‌ನೆಟ್ ಆರ್ಕೈವ್ ಎಂಬ ತಾಣದಲ್ಲಿ ಉಳಿದಿದ್ದರೆ ಪುಕ್ಕಟೆ ಸಿಗುತ್ತದೆ. ಇವೇ ನಿಮ್ಮ ಹಕ್ಕುಪತ್ರ.

ಮೂರನೆಯದಾಗಿ, ಹಿಡಿದಿಟ್ಟವನಿಗೆ ಒಂದು ಶಾಂತ ಪತ್ರ ಬರೆಯಿರಿ. ನಿಮಗೆ ಅದು ಎಷ್ಟು ಅಗತ್ಯವೆಂದು ಹೇಳಬೇಡಿ, ಮೊದಲ ಬೆಲೆಯನ್ನು ನೀವೇ ಕೂಗಲೂ ಬೇಡಿ. ತನಗೆ ಬಿದ್ದ ಖರ್ಚಿಗಿಂತ ಬಹಳ ಹೆಚ್ಚು ಕೇಳಿ ಆತ ಬರೆದರೆ, ಆ ಪತ್ರವೇ ಅವನ ದುರುದ್ದೇಶಕ್ಕೆ ಸಾಕ್ಷಿಯಾಗಬಲ್ಲದು. ಬೆಲೆ ಕುದುರಿದರೂ ಹಣವನ್ನು ನೇರ ಕಳಿಸದೆ, ಹೆಸರು ವರ್ಗವಾಗುವವರೆಗೆ ಹಣ ಹಿಡಿದಿಡುವ ನಂಬಿಕೆಯ ಮಧ್ಯಸ್ಥರ ಮೂಲಕ ಕೊಡಿರಿ.

ನಾಲ್ಕನೆಯದು ದೂರು. ಡಾಟ್ ಇನ್ ಹೆಸರಿಗೆ ನಿಕ್ಸಿ ಎಂಬ ಭಾರತದ ಸಂಸ್ಥೆಯ ಪಂಚಾಯಿತಿ ವ್ಯವಸ್ಥೆ ಇದೆ. ಡಾಟ್ ಕಾಂ ಹೆಸರಿಗೆ ಜಿನೀವಾದ ವೈಪೋ ಸಂಸ್ಥೆಯಂಥ ಕಡೆ ಹೋಗಬೇಕು. ವೈಪೋದಲ್ಲಿ ಒಬ್ಬ ಪಂಚರ ಮುಂದೆ ಒಂದರಿಂದ ಐದು ಹೆಸರಿನ ದೂರಿಗೆ ಶುಲ್ಕ 1500 ಡಾಲರು, ಅಂದರೆ ಒಂದು ಲಕ್ಷ ರೂಪಾಯಿಗೂ ಮೇಲೆ. ಗೆದ್ದರೆ ಹೆಸರು ಬರುತ್ತದೆ, ನಷ್ಟ ಪರಿಹಾರ ಬರುವುದಿಲ್ಲ. ಹೆಸರು ನಿಮ್ಮದನ್ನು ಹೋಲುತ್ತದೆ, ಅವನಿಗೆ ಅದರಲ್ಲಿ ನ್ಯಾಯವಾದ ಹಕ್ಕಿಲ್ಲ, ಅವನ ಉದ್ದೇಶ ಕೆಟ್ಟದು, ಈ ಮೂರನ್ನೂ ನೀವೇ ಸಾಧಿಸಿ ತೋರಿಸಬೇಕು. ಬರೀ ಊರಿನ ಹೆಸರು, ಬೆಳೆಯ ಹೆಸರು ಆದರೆ ಅದು ನಮ್ಮೊಬ್ಬರದೇ ಎನ್ನುವುದು ಕಷ್ಟ. ಆತ ತನ್ನ ಸ್ವಂತ ವ್ಯಾಪಾರಕ್ಕೆ ನ್ಯಾಯವಾಗಿ ಬಳಸುತ್ತಿದ್ದರೂ ದೂರು ನಿಲ್ಲಲಾರದು.

ಟ್ರೇಡ್‌ಮಾರ್ಕ್ ನೋಂದಣಿ ನಮಗಿಲ್ಲವಲ್ಲ ಅಂತ ಎದೆಗುಂದಬೇಡಿ. ಸತ್ಯಂ ಇನ್ಫೋವೇ ಮತ್ತು ಸಿಫಿನೆಟ್ ಸೊಲ್ಯೂಷನ್ಸ್ ನಡುವಣ ಮೊಕದ್ದಮೆ ನಮ್ಮ ಕರ್ನಾಟಕದ ಹೈಕೋರ್ಟಿನಿಂದ ಸುಪ್ರೀಂ ಕೋರ್ಟಿಗೆ ಹೋಯಿತು. ಜಾಲತಾಣದ ಹೆಸರು ಬರೀ ವಿಳಾಸವಲ್ಲ, ವ್ಯಾಪಾರದ ಗುರುತು. ಅದನ್ನು ಹೋಲುವ ಹೆಸರಿನಿಂದ ಗಿರಾಕಿಯನ್ನು ಮೋಸಗೊಳಿಸಬಾರದು ಎಂದು 2004ರಲ್ಲಿ ತೀರ್ಪಾಯಿತು. ಇಂಥ ದಾವೆಗೆ ನೋಂದಣಿ ಇರಲೇಬೇಕೆಂದಿಲ್ಲ, ಹೆಸರು ಬಳಸಿ ಮಾನ ಗಳಿಸಿದ್ದಕ್ಕೆ ಆಧಾರ ಬೇಕು. ಆ ಹಳೆಯ ಬಿಲ್ಲುಗಳು ಬೇಕಾಗುವುದು ಇಲ್ಲಿಯೇ. ವಕೀಲರ ಖರ್ಚಿನ ಭಯವಿದ್ದರೆ ತಾಲೂಕು ಕಾನೂನು ಸೇವಾ ಸಮಿತಿಯಲ್ಲಿ ವಿಚಾರಿಸಿರಿ. ಹೆಣ್ಣುಮಕ್ಕಳಿಗೂ ಪರಿಶಿಷ್ಟ ಜಾತಿ, ಪಂಗಡದವರಿಗೂ ವರಮಾನದ ಮಿತಿಯಿಲ್ಲದೆ ಉಚಿತ ನೆರವಿಗೆ ಅರ್ಹತೆಯಿದೆ. ಫೋನು 15100.

ಖರ್ಚು ಲೆಕ್ಕ ಹಾಕಿದಾಗ ಹಳೆಯ ಹೆಸರಿಗಿಂತ ಹೊಸ ಹೆಸರೇ ಅಗ್ಗ ಎನಿಸಿದರೆ ನಾಚಬೇಡಿ. ಹೊಸದನ್ನು ಹಿಡಿದು, ಗಿರಾಕಿಗಳಿಗೆ ಫೋನಿನಲ್ಲಿ ತಿಳಿಸಿ, ಪೊಟ್ಟಣದ ಮೇಲೆ ಚೀಟಿ ಅಂಟಿಸಿ ವ್ಯಾಪಾರ ನಡೆಸಿರಿ. ಕೊಳ್ಳುವವರಿಲ್ಲದ ಹೆಸರನ್ನು ಹಿಡಿದವನು ಒಂದೆರಡು ವರ್ಷದಲ್ಲಿ ತಾನೇ ಬಿಟ್ಟುಬಿಡುವುದೂ ಉಂಟು.

ಕೊನೆಯ ಮಾತು. ಹೆಸರು ಸಂಘದ ಹೆಸರಿನಲ್ಲೇ ನೋಂದಣಿಯಾಗಲಿ, ತಾಣ ಮಾಡಿಕೊಟ್ಟ ಹುಡುಗನ ಹೆಸರಿನಲ್ಲಿ ಬೇಡ. ಅವಧಿ ಮುಗಿಯುವ ತಾರೀಖು ಸಂಘದ ನಡಾವಳಿ ಪುಸ್ತಕದ ಮೊದಲ ಪುಟದಲ್ಲಿರಲಿ. ಡಾಟ್ ಕಾಂ ಕಂಪನಿಗಳು ಸುಮಾರು ಒಂದು ತಿಂಗಳು ಮುಂಚೆ ಮತ್ತು ಒಂದು ವಾರ ಮುಂಚೆ ಎಚ್ಚರಿಕೆ ಕಳಿಸಬೇಕೆಂಬ ನಿಯಮವಿದೆ. ಆ ಪತ್ರ ಬರುವ ವಿಳಾಸವನ್ನು ಇಬ್ಬರಾದರೂ ನೋಡುತ್ತಿರಲಿ. ಕೈಯಲ್ಲಿ ಹಣವಿದ್ದ ಸುಗ್ಗಿಯಲ್ಲೇ ನಾಲ್ಕೈದು ವರ್ಷದ್ದು ಒಟ್ಟಿಗೆ ಕಟ್ಟಿಬಿಡಿ.